ಅರ್ಧ ಒಪ್ಪುತ್ತೇನೆ, ಇನ್ನರ್ಧ ಇಲ್ಲ

ಪಾಠದಲ್ಲಿ ಗಮನ ನಿಲ್ಲದ ಮಕ್ಕಳೆಲ್ಲ ರೀಲ್ಸ್ ನೋಡಿ ತಮಗೆ ಎಡಿಡಿ (ಗಮನ ಕೊರತೆಯ ತೊಂದರೆ) ಇದೆ ಅಂದುಕೊಳ್ಳುತ್ತಾರೆ, ಎಲ್ಲ ಮೊಬೈಲ್ ಮಹಿಮೆ ಎಂದು ಮಕ್ಕಳ ಗಮನದ ಬಗೆಗಿನ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುವವಳು ನಾನು. ತಮಗೂ ಎಡಿಡಿ ಇದೆಯಾ ಎಂದು ನನ್ನನ್ನು ಕೇಳುವ ಮಕ್ಕಳಲ್ಲಿ ಎಷ್ಟೋ ಜನ ಮಧ್ಯರಾತ್ರಿವರೆಗೆ ಮೊಬೈಲ್ ಹಿಡಿದು, ನಸುಕಿಗೇ ಎದ್ದು ಕೋಚಿಂಗ್‌ಗೆ ಓಡುವವರು. ನಿದ್ದೆಯೇ ಇಲ್ಲದಿದ್ದರೆ ತ್ರಿಕೋನಮಿತಿ ಯಾರ ತಲೆಗೆ ಹತ್ತುತ್ತದೆ?

ಆದರೆ ಇನ್ನೊಂದು ಥರದ ಮಕ್ಕಳಿದ್ದಾರೆ. ಗಲಾಟೆ ಇಲ್ಲ, ತಂಟೆ ಇಲ್ಲ. ಕಷ್ಟಪಟ್ಟು ಹೋಂವರ್ಕ್ ಮಾಡುತ್ತಾರೆ, ನೋಟ್ಸ್ ಮನೆಯಲ್ಲೇ ಮರೆತು ಬರುತ್ತಾರೆ. ಪ್ರಶ್ನೆಪತ್ರಿಕೆಯ ಹಿಂದಿನ ಪುಟ ತಿರುಗಿಸುವುದೇ ಇಲ್ಲ! ಇವರಿಗೆ ಸಿಗುವ ಬಿರುದು ಸೋಮಾರಿ. ಹೆಣ್ಣುಮಕ್ಕಳಲ್ಲಂತೂ ಇದು ಯಾರ ಕಣ್ಣಿಗೂ ಬೀಳದೆ ಹೋಗುವುದೇ ಜಾಸ್ತಿ. ಮೊದಲು ಎಡಿಡಿ ಎನ್ನುತ್ತಿದ್ದ ಇದು ಈಗ, ಗಮನ ಕೊರತೆಯ ಜೊತೆ ಅತಿಚಟುವಟಿಕೆಯನ್ನೂ ಒಳಗೊಂಡ ಎಡಿಎಚ್‌ಡಿಯಲ್ಲೇ ಸೇರಿದೆ.

ಡಾಕ್ಟರುಗಳು ನೋಡುವುದು ಬೇರೆ. 12 ವರ್ಷಕ್ಕೆ ಮುಂಚೆಯೂ ಹೀಗೇ ಇತ್ತಾ? ಶಾಲೆಯಲ್ಲಷ್ಟೇ ಅಲ್ಲ, ಮನೆಯಲ್ಲೂ ಇದೆಯಾ? ಕನಿಷ್ಠ 6 ತಿಂಗಳಿಂದ ಇದೆಯಾ? ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ಕಾಯಿಲೆ ಇದಲ್ಲ. ಹತ್ತನೇ ಕ್ಲಾಸಿನಲ್ಲಿ ಹೊಸದಾಗಿ ಶುರುವಾಗಿದ್ದರೆ ಭಯ, ಥೈರಾಯ್ಡ್, ರಕ್ತಹೀನತೆ ಏನಾದರೂ ಇದೆಯಾ ಎಂದು ಮೊದಲು ನೋಡಬೇಕು. ಇದನ್ನು ಲೇಖನದಲ್ಲಿ ಹೇಳಬೇಕಿತ್ತು, ಅಲ್ವಾ?

ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಲು ಹಿಂಜರಿಕೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಅದೇನು ಹುಚ್ಚಾಸ್ಪತ್ರೆಗಾ ಎನ್ನುವ ನೆಂಟರಿಗೆ ಬೇಕಾದರೆ ಆಮೇಲೆ ಹೇಳಿದರಾಯಿತು.