ಮನೆಯೇ ಶಾಲೆಯಾದರೆ: ದಸರಾ ರಜೆಯಲ್ಲಿ ಎದ್ದ ಪ್ರಶ್ನೆ

ಪರ

ದಸರಾ ರಜೆ ಮುಗಿಯುವ ಹೊತ್ತಿಗೆ ಸಿಂಧನೂರು ಕಡೆಯ ನಮ್ಮ ಕ್ರೈಸ್ತ ಸಭೆಯ ತಾಯಂದಿರಲ್ಲಿ ಒಂದು ಮಾತು ಎದ್ದಿದೆ: ಮಕ್ಕಳನ್ನು ಮತ್ತೆ ಶಾಲೆಗೆ ಕಳಿಸಲೇಬೇಕೇ, ಮನೆಯಲ್ಲೇ ಓದಿಸಬಾರದೇ? ಓದಿಸಬಹುದೆನ್ನುವವರ ಮಾತಿಗೆ ತೂಕವಿದೆ. ಬೈಬಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯವು ದೇವರ ಮಾತನ್ನು ಮಕ್ಕಳಿಗೆ ಕಲಿಸುವ ಹೊಣೆಯನ್ನು ಮನೆಯವರಿಗೇ ವಹಿಸುತ್ತದೆ. ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಎಂದು ಅದು ಹೇಳುವ ನಾಲ್ಕು ಹೊತ್ತೂ ಶಾಲೆಯ ವ್ಯಾನು, ಟ್ಯೂಷನ್ನು, ಹೋಂವರ್ಕುಗಳ ಪಾಲಾಗಿ, ಕುಟುಂಬ ಪ್ರಾರ್ಥನೆ ನಿದ್ದೆಗಣ್ಣಿನ ಐದು ನಿಮಿಷಕ್ಕೆ ಇಳಿದಿದೆ.

ಬಿಸಿಲಿಗೆ ಹೆಸರಾದ ನಮ್ಮ ಸೀಮೆಯಲ್ಲಿ ಆಶ್ವಯುಜ, ಕಾರ್ತಿಕ ಮಾಸಗಳು ಹೊರಗೆ ಕರೆದೊಯ್ದು ಕಲಿಸಲು ಹದವಾದ ಕಾಲ. ಎರೆಹೊಲದಲ್ಲಿ ಹತ್ತಿ ಬಿಡಿಸುವಾಗ ತೂಕ, ಕೂಲಿಯ ಲೆಕ್ಕ ಕಣ್ಣೆದುರೇ ಸಿಗುತ್ತದೆ. ಅಶೋಕನ ಹೆಸರನ್ನೇ ಹೊತ್ತು 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನವನ್ನು ಬೆಳಗಿನ ತಂಪಿನಲ್ಲಿ ನೋಡಿ ಬಂದ ಮಗುವಿಗೆ ಇತಿಹಾಸವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಪರೀಕ್ಷೆಯ ದಾರಿಯೂ ಮುಚ್ಚಿಲ್ಲ: 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ 14 ವರ್ಷ ತುಂಬಿದವರು ಹತ್ತನೇ ತರಗತಿಗೆ ನೋಂದಾಯಿಸಿಕೊಳ್ಳಬಹುದು.

ವಿರೋಧ

ಇಷ್ಟು ಬರೆದ ಮೇಲೂ ನನ್ನ ಮನಸ್ಸು ಎದುರು ಬದಿಗೇ ವಾಲುತ್ತದೆ, ಮತ್ತು ಅದಕ್ಕೆ ಕಾರಣ ಅದೇ ಹತ್ತಿಯ ಹೊಲ. ಹತ್ತಿ ಒಡೆದು, ಬಿಡಿಸಲು ಆಳು ಸಿಗದಾದಾಗ ಮೊದಲು ಶಾಲೆ ತಪ್ಪುವವಳು ಮನೆಯ ಹೆಣ್ಣುಮಗಳು. ಅವ್ವ ಹೊಲಕ್ಕೆ ಹೋದರೆ ತಮ್ಮನನ್ನು ಎತ್ತಿಕೊಂಡು ಮನೆ ಕಾಯುವವಳೂ ಅವಳೇ. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ, ನಾಲ್ಕು ದಿನ ಕಾಣದಿದ್ದಾಗ ಕೇಳಿಕೊಂಡು ಬರಲು ಒಬ್ಬ ಮೇಷ್ಟ್ರಾದರೂ ಇರುತ್ತಾರೆ. ಮನೆಯೇ ಶಾಲೆಯಾದರೆ ಪಾಠ ನಿಂತುಹೋದದ್ದು ಯಾರ ಗಮನಕ್ಕೂ ಬಾರದು. ಓದಿದ, ಬಿಡುವಿರುವ ತಾಯಿಗೆ ಒಗ್ಗುವ ಏರ್ಪಾಡನ್ನು ಇಡೀ ಸಭೆಗೆ ಮಾದರಿಯೆಂದು ಹೊಗಳುವಾಗ, ಅಕ್ಷರ ಕಲಿಯಲಾಗದ, ದಿನಗೂಲಿಗೆ ಹೋಗುವ ತಾಯಿಯ ಎದೆಯಲ್ಲಿ ತಾನು ಒಳ್ಳೆಯ ತಾಯಿಯಲ್ಲವೆಂಬ ಕೊರಗನ್ನು ನಾವೇ ಬಿತ್ತುತ್ತೇವೆ. ಇದು ನನಗೆ ಬಹಳ ನೋವಿನ ಸಂಗತಿ.

2009ರ ಶಿಕ್ಷಣ ಹಕ್ಕು ಕಾಯ್ದೆಯೂ 6ರಿಂದ 14 ವರ್ಷದ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. ಊಟದ ಮಾತನ್ನು ಮರೆಯುವಂತಿಲ್ಲ: 2021ರ ಡಿಸೆಂಬರಿನಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿಯ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿದ್ದು ಈ ಭಾಗದ ಮಕ್ಕಳ ಅಪೌಷ್ಟಿಕತೆಯನ್ನು ಕಂಡೇ.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸದ ಜೊತೆಗೇ ಶಾಲೆಗಳನ್ನೂ ತೆರೆದರು. ಹಾಗೆ ತೆರೆದ ಬಾಗಿಲುಗಳಿಂದ ಅಕ್ಷರ ಪಡೆದ ಸಮುದಾಯ ಈಗ ತನ್ನ ಹೆಣ್ಣುಮಕ್ಕಳನ್ನು ಒಳಗೆ ಕರೆದುಕೊಂಡು ಕದ ಹಾಕಿಕೊಳ್ಳುವುದನ್ನು ನಾನು ಒಪ್ಪಲಾರೆ. ಮಲಗುವ ಹೊತ್ತು, ಏಳುವ ಹೊತ್ತು ಇಂದಿಗೂ ಮನೆಯವೇ. ಟ್ಯೂಷನ್ ಬಿಡಿಸಿ, ಟಿವಿ ಆರಿಸಿ, ಆ ಎರಡು ಹೊತ್ತನ್ನು ತಾಯಿಯೊಬ್ಬಳಲ್ಲ, ತಂದೆಯೂ ಕೂತು ಮಕ್ಕಳಿಗೆ ಕೊಡಲಿ. ಹುಡುಗಿಯ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿ.