ಸಾವಿರ ಬೀಡಿಯ ಲೆಕ್ಕ

ದಕ್ಷಿಣ ಕನ್ನಡ, ಉಡುಪಿ ಕಡೆ ಬೀಡಿ ಕಟ್ಟುವ ಹೆಂಗಸರ ಮಾತು ಬಂದಾಗಲೆಲ್ಲ "ಮನೆಯಲ್ಲೇ ಕೂತು ಬಿಡುವಿದ್ದಾಗ ಮಾಡೋದಲ್ವಾ, ಕೈಖರ್ಚಿಗಾಯ್ತು" ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ಕೂಲಿ ಏರದೇ ಇರುವುದಕ್ಕೆ ಅರ್ಧ ಕಾರಣ ಈ ಮಾತೇ ಅಂತ ನಾನು ನಂಬಿದ್ದೇನೆ. ಸಾವಿರ ಬೀಡಿಗೆ ಎಂಟು ಗಂಟೆ ಅಂತಿಟ್ಟುಕೊಳ್ಳಿ. ಎಲೆ ಕತ್ತರಿಸುವುದಕ್ಕೇ ಎರಡು-ಮೂರು ಗಂಟೆ ಹೋಗುತ್ತದೆ. ಉಳಿದ ಹೊತ್ತನ್ನು ಸಾವಿರಕ್ಕೆ ಭಾಗಿಸಿದರೆ ಒಂದು ಬೀಡಿಗೆ ಸಿಗುವುದು 20 ಸೆಕೆಂಡಿನ ಆಸುಪಾಸು. ಇದು ಬಿಡುವಾ?

ಕೆಲಸ ಶುರುವಾಗುವುದು ಹಿಂದಿನ ದಿನವೇ. ಬೀಡಿ ಸುತ್ತುವ ಒಣ ತೆಂಡು ಎಲೆಯ ಕಂತೆ ಬಿಚ್ಚಿ, ನೀರಲ್ಲಿ ನೆನೆಸಿ, ಕೊಡವಿ, ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ನೀರು ಹೆಚ್ಚಾದರೆ ಎಲೆ ಕಪ್ಪಾಗಿ ಬೂಸು ಹಿಡಿಯುತ್ತದೆ, ಕಡಿಮೆಯಾದರೆ ಸುತ್ತುವಾಗ ಸೀಳುತ್ತದೆ. ಹದ ಬಂದ ಎಲೆಯ ಮೇಲೆ ತಗಡಿನ ಅಚ್ಚು ಇಟ್ಟು, ದಪ್ಪ ನರ ತಪ್ಪಿಸಿ ಕತ್ತರಿ ಆಡಿಸಬೇಕು. ಒಳ್ಳೆಯ ದೊಡ್ಡ ಎಲೆಯಾದರೆ ಎರಡು-ಮೂರು ತುಂಡು. ತೂತು, ಚುಕ್ಕೆ ಇರುವ ಎಲೆಯಲ್ಲಿ ಒಂದು ಬಂದರೆ ಪುಣ್ಯ.

ಹೆಚ್ಚಿನವರಿಗೆ ಗೊತ್ತಿಲ್ಲದ ನಷ್ಟ ಇರುವುದು ಇಲ್ಲಿ. ಬ್ರಾಂಚಿನಲ್ಲಿ, ಅಂದರೆ ಎಲೆ-ಪುಡಿ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗದಲ್ಲಿ, ಎಲೆ ಕೊಡುವುದು ತೂಕದ ಮೇಲೆ, ಬೀಡಿ ಕೇಳುವುದು ಎಣಿಕೆಯ ಮೇಲೆ. ಎಲೆ ಕಳಪೆ ಬಂದರೆ ತೂಕ ಸರಿಯಿದ್ದರೂ ಎಣಿಕೆ ತುಂಬುವುದಿಲ್ಲ. ಕಡಿಮೆ ಬಿದ್ದ ಎಲೆಯನ್ನು ಕೈಯಿಂದ ದುಡ್ಡು ಹಾಕಿ ತರಬೇಕು, ಇಲ್ಲವೇ ಪಕ್ಕದ ಮನೆಯಿಂದ ಸಾಲ ಎತ್ತಬೇಕು. ಕಚ್ಚಾಮಾಲು ಮಾಲೀಕನದು, ಅದರ ದೋಷ ಮಾತ್ರ ಕಾರ್ಮಿಕಳದು!

ಇನ್ನು ಕಟ್ಟುವುದು. ತೊಡೆಯ ಮೇಲೆ ಗೆರಸೆ, ಅದರಲ್ಲಿ ಹೊಗೆಸೊಪ್ಪಿನ ಪುಡಿ. ಒಂದು ಬೀಡಿಗೆ ಸುಮಾರು ಕಾಲು ಗ್ರಾಂ. ತುಂಡಿನ ಉದ್ದಕ್ಕೂ ಒಂದೇ ಸಮ ಹರಡಿ, ಮೂಲೆಯಿಂದ ಹಿಡಿದು ಬೆರಳಲ್ಲಿ ಉರುಳಿಸಿ, ಬಾಯಿ ಒಳಕ್ಕೆ ಮಡಚಿ, ದಾರ ಸುತ್ತಿ ಎಳೆಯಬೇಕು. ಸಡಿಲವಾದರೆ ಪುಡಿ ಉದುರುತ್ತದೆ, ಬಿಗಿಯಾದರೆ ಹೊಗೆ ಎಳೆಯುವುದಿಲ್ಲ. 25 ಬೀಡಿಗೆ ಒಂದು ಕಟ್ಟು, 40 ಕಟ್ಟು ಆದರೆ ಸಾವಿರ. ಬಾಯಿ ಮಡಚುವಾಗ ಸವೆಯುವುದು ಉಗುರು ಮತ್ತು ಬೆರಳ ತುದಿಯ ಚರ್ಮ. ಆಧಾರ್ ಯಂತ್ರ ಇವರ ಹೆಬ್ಬೆಟ್ಟು ಗುರುತಿಸದೆ ರೇಷನ್ ಅಂಗಡಿಯಲ್ಲಿ ಪರದಾಡುವುದೂ ಇದಕ್ಕೇ. ಬಗ್ಗಿದ ಕತ್ತು, ಮಡಚಿದ ಮೊಣಕಾಲು, ಮನೆಯೊಳಗೆಲ್ಲ ಹೊಗೆಸೊಪ್ಪಿನ ಧೂಳು. ಹೊಸಬರಿಗೆ ಮೊದಮೊದಲು ತಲೆಸುತ್ತು, ವಾಕರಿಕೆ ಬರುತ್ತದೆ, ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ. ಬೀಡಿ ಕಟ್ಟಿನ ಮೇಲೆ ಸೇದುವವರಿಗೆ ಎಚ್ಚರಿಕೆಯ ಚಿತ್ರ ಇದೆ, ಗೆರಸೆಯ ಮೇಲೆ ಯಾವ ಚಿತ್ರವೂ ಇಲ್ಲ.

ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟನ್ನು ಹಿಸುಕಿ ನೋಡುತ್ತಾನೆ. ಉದ್ದ ಹೆಚ್ಚುಕಡಿಮೆ, ತುದಿ ಟೊಳ್ಳು, ದಾರ ಸಡಿಲ ಅಂತ ಒಂದಷ್ಟು ಬೀಡಿ ಪಕ್ಕಕ್ಕೆ. ಅದಕ್ಕೆ ಕೂಲಿ ಇಲ್ಲ, ಎಷ್ಟೋ ಕಡೆ ಬೀಡಿಯೂ ವಾಪಸ್ ಬರುವುದಿಲ್ಲ. ಮಳೆಗಾಲದಲ್ಲಿ ಇದು ಇನ್ನೂ ಹೆಚ್ಚು. ಪುಡಿ ತೇವ ಎಳೆದುಕೊಂಡಿರುತ್ತದೆ, ಒಣಗಿದ ಮೇಲೆ ಒಳಗೆ ಕುಗ್ಗಿ ಬೀಡಿ ಮೆತ್ತಗಾಗುತ್ತದೆ. ಕಟ್ಟಿದವಳ ತಪ್ಪೇನು?

ಕಾನೂನು ಇಲ್ಲದೆ ಇದೆಲ್ಲ ನಡೆಯುತ್ತಿದೆ ಅಂದುಕೊಳ್ಳಬೇಡಿ. 1966ರಲ್ಲೇ ಬೀಡಿ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಕೂತು ಕಟ್ಟುವವರನ್ನೂ ಅದು ಕಾರ್ಮಿಕರು ಅಂದಿತು. ಮಾಲೀಕರು ಕೋರ್ಟಿಗೆ ಹೋದರು, 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 1976ರ ಕಾಯ್ದೆಯಡಿ ಬೀಡಿಯ ಮೇಲೆ ಸೆಸ್ (ಕಾರ್ಮಿಕರ ಕಲ್ಯಾಣಕ್ಕೆಂದೇ ಮೀಸಲಾದ ತೆರಿಗೆ) ಹಾಕಿ, ಅದರಿಂದ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ, ಮನೆ ಸಹಾಯಧನ ನಡೆಯುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು. ಬೀಡಿ ಮೇಲೆ ಆಗ ಶೇ. 28 ತೆರಿಗೆ ಹಾಕಿದ ಸರ್ಕಾರ, ಕಾರ್ಮಿಕರಿಗೆಂದೇ ಮೀಸಲಿದ್ದ ದುಡ್ಡಿನ ದಾರಿಯನ್ನು ಮುಚ್ಚಿತು. ತಂಬಾಕು ಕಡಿಮೆಯಾಗಲಿ, ನನ್ನ ತಕರಾರಿಲ್ಲ. ಆದರೆ ಆ ತೆರಿಗೆಯಲ್ಲಿ ಕಟ್ಟುವವಳ ಪಾಲು ಎಲ್ಲಿ?

"ಬಿಟ್ಟು ಬೇರೆ ಕೆಲಸ ಮಾಡಲಿ, ಹೊಲಿಗೆ ಕಲಿಸೋಣ" ಅನ್ನುವುದು ಸುಲಭ. ಹೊಲಿಗೆಗೆ ಮೆಷಿನ್ ಬೇಕು, ಗಿರಾಕಿ ಬೇಕು, ಮೊದಲ ಆರು ತಿಂಗಳ ಬಂಡವಾಳ ಬೇಕು. ಬೀಡಿಯಲ್ಲಿ ಮಾಲು ಬ್ರಾಂಚಿನಿಂದ ಬರುತ್ತದೆ, ಮಾರುವ ತಲೆನೋವಿಲ್ಲ, ದುಡ್ಡು ಕಡಿಮೆಯಾದರೂ ಖಾತ್ರಿ. ಸಂಘದ ಸಾಲದ ಕಂತು ಕಟ್ಟಬೇಕಾದವಳಿಗೆ ಆ ಖಾತ್ರಿಯೇ ದೊಡ್ಡದು. ಜತೆಗೆ ಪಿಎಫ್ ಇದೆ.

ಅದೂ ಬೀಡಿ ಕಾರ್ಮಿಕಳೆಂದು ಹೆಸರು ನೋಂದಾಯಿಸಿದ ಕಾರ್ಡ್ ಇದ್ದವರಿಗೆ ಮಾತ್ರ. ಅತ್ತೆಯ ಹೆಸರಲ್ಲಿ ಕಾರ್ಡ್, ಕಟ್ಟುವುದು ಸೊಸೆಯೂ ಮಗಳೂ. ಬ್ರಾಂಚಿನ ಲೆಕ್ಕದ ಪುಸ್ತಕದಲ್ಲಿ ಅವರಿಲ್ಲ, ಹಾಗಾಗಿ ಪಿಎಫ್ ಕೂಡ ಇಲ್ಲ. ಕಾರ್ಡ್ ಇದ್ದವರಿಗೂ ಕೊನೆಗೆ ತೊಡಕು ಬರುವುದು ಹೆಸರಲ್ಲಿ: ಹಳೆಯ ಪುಸ್ತಕದಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರೂ ಸೇರಿ, ಹುಟ್ಟಿದ ವರ್ಷ ಅಂದಾಜಿನದು. ಎಷ್ಟೋ ಪಿಎಫ್ ಕ್ಲೇಮ್ ತಿರಸ್ಕಾರವಾಗುವುದು ಇದರಿಂದಲೇ. ಬ್ರಾಂಚು ಬದಲಾಯಿಸುವ ಮೊದಲೇ, ಹಳೆಯ ಮಾಲೀಕರ ಸಹಿ ಸಿಗುವಾಗಲೇ ಜಂಟಿ ಘೋಷಣೆ ಅರ್ಜಿ (ಕಾರ್ಮಿಕಳೂ ಮಾಲೀಕರೂ ಸೇರಿ ಸಹಿ ಮಾಡುವ ತಿದ್ದುಪಡಿ ಅರ್ಜಿ) ಹಾಕಿ ತಿದ್ದಿಸಿಕೊಳ್ಳಿ. ಪಿಎಫ್ ಜತೆಗಿನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. 2014ರಲ್ಲಿ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1,000 ರೂಪಾಯಿ ಅಂತ ನಿಗದಿ ಮಾಡಿದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಕಟ್ಟುತ್ತಿದ್ದರೆ ಇವತ್ತೇ ಅವರ ಪುಸ್ತಕ, ಆಧಾರ್ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ ನೋಡಿ.