ಬಟನ್ ಎಲ್ಲಿ ಹೋಯ್ತು?

ಲೈಕ್ ಒತ್ತುವ ವಿಷಯದಲ್ಲಿ ನಮ್ಮ ಚಿಕ್ಕಮ್ಮ ಭೇದಭಾವ ಮಾಡುವವರಲ್ಲ. ಮಗುವಿನ ಫೋಟೋ, ಮದುವೆ ಫೋಟೋ, ಯಾರೋ ಕಾಲು ಮುರಿದುಕೊಂಡು ಮಲಗಿರುವ ಫೋಟೋ, ಎಲ್ಲಕ್ಕೂ ಒಂದೊಂದು ಲೈಕ್ ಗ್ಯಾರಂಟಿ. ನೋಡಿ ಒತ್ತುತ್ತಾರೆ ಅಂತಲೂ ಇಲ್ಲ. ಕಣ್ಣು ಟಿವಿ ಮೇಲೆ, ಹೆಬ್ಬೆರಳು ಫೋನಿನ ಮೇಲೆ. ಬೆರಳಿಗೆ ಜಾಗ ಗೊತ್ತು, ಅಷ್ಟು ಸಾಕು.

ಒಂದು ದಿನ ಆ್ಯಪ್ ತಾನಾಗಿಯೇ ಅಪ್‌ಡೇಟ್ ಆಯಿತು. ಲೈಕ್ ಇದ್ದ ಜಾಗಕ್ಕೆ ಶೇರ್ ಬಂದು ಕೂತಿತು. ರಾತ್ರೋರಾತ್ರಿ ಯಾರೋ ಮನೆಗೆ ನುಗ್ಗಿ ಸ್ವಿಚ್‌ಬೋರ್ಡನ್ನು ಎದುರು ಗೋಡೆಗೆ ಹಾಕಿ ಹೋದ ಹಾಗೆ. ಚಿಕ್ಕಮ್ಮನಿಗೆ ಇದೆಲ್ಲಿ ಗೊತ್ತು? ಎಂದಿನಂತೆ ಒತ್ತುತ್ತಾ ಹೋದರು. ಅವತ್ತೇ ನಮ್ಮ ಕಸಿನ್ ಒಬ್ಬ ತೂಕ ಇಳಿಸಿದ ಖುಷಿಗೆ ಜಿಮ್ಮಿನಲ್ಲಿ ಅಂಗಿ ಬಿಚ್ಚಿ ನಿಂತ ಫೋಟೋ ಹಾಕಿದ್ದ. ಅದು ಸೀದಾ ಚಿಕ್ಕಮ್ಮನ ವಾಲ್‌ಗೆ ಬಂತು. ಅವನ ಮ್ಯಾನೇಜರ್ ಚಿಕ್ಕಮ್ಮನ ಹಳೇ ವಿದ್ಯಾರ್ಥಿ. ಇವನೋ, ಆ ವಾರ ಎದ್ದು ಕೂರಲೂ ಆಗುತ್ತಿಲ್ಲ ಎಂದು ರಜೆ ಹಾಕಿದ್ದ.

ಸರಿಪಡಿಸಲು ಕರೆ ಬಂದದ್ದು ನನಗೆ.

"ಚಿಕ್ಕಮ್ಮ, ಮೇಲೆ ಬಲಗಡೆ ಮೂರು ಗೆರೆ ಇದೆಯಲ್ಲ, ಅದನ್ನ ಒತ್ತಿ."

"ಗೆರೆ ಇಲ್ಲ ಕಣೋ. ಮೂರು ಚುಕ್ಕಿ ಇದೆ."

"ಕೆಳಗೆ ಮನೆ ಚಿತ್ರ?"

"ಮನೆಯೂ ಇಲ್ಲ. ಏನೋ ತ್ರಿಕೋನ ಇದೆ. ಅಯ್ಯೋ, ಯಾರೋ ಕುಣಿಯೋಕೆ ಶುರು ಮಾಡಿದ್ರು!"

ನನ್ನ ಫೋನಿನಲ್ಲಿ ಗೆರೆಯೂ ಇತ್ತು, ಮನೆಯೂ ಇತ್ತು, ಯಾರೂ ಕುಣಿಯುತ್ತಿರಲಿಲ್ಲ. ಹೊಸ ವಿನ್ಯಾಸವನ್ನು ಕಂಪನಿಗಳು ಎಲ್ಲರಿಗೂ ಒಂದೇ ಸಲ ಕೊಡುವುದಿಲ್ಲ. ಮೊದಲು ಕೆಲವರಿಗೆ ಬಿಟ್ಟು, ಅವರು ಎಲ್ಲಿ ಒತ್ತುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಎಂದು ಅಳೆಯುತ್ತವೆ. ಆ ಕೆಲವರಲ್ಲಿ ಚಿಕ್ಕಮ್ಮನೂ ಒಬ್ಬರು. ಇದೊಂದು ಗೌರವ ಅಂತ ಅವರಿಗೆ ಹೇಳಲು ಹೋಗಿ ಬೈಸಿಕೊಂಡೆ.

ಕೆಲವೊಮ್ಮೆ ಆ ಅಳತೆಯೇ ಕೈ ಮೀರುವುದೂ ಉಂಟು. 2018ರ ಡಿಸೆಂಬರ್ 27ರಂದು ಇನ್‌ಸ್ಟಾಗ್ರಾಂ ಬಳಸುವ ಬಹಳ ಜನರ ಫೀಡ್ ಇದ್ದಕ್ಕಿದ್ದಂತೆ ಅಡ್ಡಡ್ಡ ಸರಿಯತೊಡಗಿತು. ಪುಟ್ಟ ಪರೀಕ್ಷೆಯೊಂದು ತಪ್ಪಿಹೋಗಿ ಜಾಸ್ತಿ ಜನರಿಗೆ ತಲುಪಿತು ಎಂದು ಕಂಪನಿ ಹೇಳಿ, ಬೇಗನೆ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಜಗತ್ತು ಬೈದು ಮುಗಿಸಿತ್ತು. ಇನ್ನು 2020ರ ನವೆಂಬರಿನಲ್ಲಿ ಅದೇ ಆ್ಯಪ್ ನೋಟಿಫಿಕೇಶನ್ನಿನ ಹೃದಯವನ್ನು ಮೇಲಕ್ಕೆ ಕಳಿಸಿ, ಅದಿದ್ದ ಜಾಗದಲ್ಲಿ ಅಂಗಡಿ ತೆರೆಯಿತು. ಲೈಕ್ ಎಷ್ಟು ಬಂತು ಅಂತ ನೋಡಲು ಹೋದವರ ಮುಂದೆ ಚೀಲ, ಚಪ್ಪಲಿ, ಕನ್ನಡಕ. ಬೆರಳು ತಪ್ಪಿ ಹೋದವರೂ ಅಂಗಡಿಗೆ ಬಂದವರೇ ಅಲ್ವಾ? ಬಂದವರ ತಲೆ ಎಣಿಸುವಾಗ ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಚಿಕ್ಕಮ್ಮನ ಲೆಕ್ಕದಲ್ಲೂ ಆ ವಾರ ಶೇರ್ ಬಟನ್ ಭಾರೀ ಜನಪ್ರಿಯ ಎಂದೇ ದಾಖಲಾಗಿರಬೇಕು.

ಬೈಗುಳದ ಕಥೆಯೂ ಇಷ್ಟೇ. 2006ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಮೊದಲ ಸಲ ನ್ಯೂಸ್ ಫೀಡ್ ತಂದಾಗ, ಯಾರು ಏನು ಮಾಡಿದರೂ ಎಲ್ಲರಿಗೂ ಕಾಣುತ್ತದೆ ಎಂದು ಜನ ಸಿಡಿದೆದ್ದರು. ವಿರೋಧಿಸಲು ಫೇಸ್‌ಬುಕ್ಕಿನಲ್ಲೇ ಗುಂಪು ಕಟ್ಟಿದರು. ಲಕ್ಷಾಂತರ ಜನ ಸೇರಿದರು. ಅಷ್ಟು ಬೇಗ ಸೇರಿದ್ದು ಹೇಗೆ? ಇಂಥವರು ಈ ಗುಂಪಿಗೆ ಸೇರಿದ್ದಾರೆ ಅಂತ ಅದೇ ನ್ಯೂಸ್ ಫೀಡ್ ಎಲ್ಲರಿಗೂ ಸಾರುತ್ತಿತ್ತಲ್ಲ! ಸಮಾಧಾನವಾಗಿ ಉಸಿರಾಡಿ, ನಿಮ್ಮ ಮಾತು ಕೇಳಿಸುತ್ತಿದೆ ಎಂದು ಜುಕರ್‌ಬರ್ಗ್ ಬರೆದರು. ಒಂದಿಷ್ಟು ಪ್ರೈವಸಿ ಸೆಟ್ಟಿಂಗ್ ಕೊಟ್ಟರು. ಫೀಡ್ ಮಾತ್ರ ಅಲ್ಲಾಡಲಿಲ್ಲ.

ಎಲ್ಲರ ಕೂಗಿಗೂ ಒಂದೇ ತೂಕ ಇರುವುದಿಲ್ಲ ಅನ್ನೋದು ಬೇರೆ. 2018ರಲ್ಲಿ ಸ್ನ್ಯಾಪ್‌ಚಾಟ್ ರೂಪ ಬದಲಾದಾಗ ಹಳೆಯದೇ ಬೇಕು ಎಂದು 12 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕಂಪನಿ ವಿನಯದಿಂದ ಉತ್ತರ ಕೊಟ್ಟು ತನ್ನ ದಾರಿ ಹಿಡಿಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಟಿವಿ ತಾರೆ ಕೈಲಿ ಜೆನ್ನರ್ ಸುಮ್ನೆ, ನಾನೊಬ್ಬಳೇನಾ ಸ್ನ್ಯಾಪ್‌ಚಾಟ್ ತೆರೆಯದೇ ಇರೋದು ಎಂಬರ್ಥದ ಒಂದು ಸಾಲು ಟ್ವೀಟ್ ಮಾಡಿದರು. ಷೇರು ಬೆಲೆ ಸುಮಾರು ಶೇಕಡಾ 6ರಷ್ಟು ಕುಸಿದು, ಕಂಪನಿಯ ಮೌಲ್ಯದಲ್ಲಿ 130 ಕೋಟಿ ಡಾಲರಿನಷ್ಟು ಕರಗಿತು. ಚಿಕ್ಕಮ್ಮ ಆ್ಯಪ್ ತೆರೆಯದಿದ್ದರೆ ಹೀಗೇನೂ ಆಗುವುದಿಲ್ಲ. ಎರಡು ದಿನ ತೆರೆಯದೆ ನೋಡಿದರು ಕೂಡ.

ಪ್ರತಿಭಟನೆ ಮಾಡುವವರಲ್ಲಿ ನನಗೆ ಇಷ್ಟವಾಗುವುದು "ನಾನು ಈ ಆ್ಯಪ್ ಬಿಡುತ್ತಿದ್ದೇನೆ" ಎಂದು ಆ ಆ್ಯಪಿನಲ್ಲೇ ಬರೆಯುವವರು. ಬರೆದ ಮೇಲೆ ಹೋಗಲಾಗುವುದಿಲ್ಲ ಪಾಪ. ಹೋಗಬೇಡಿ ಎಂದವರಿಗೆಲ್ಲ ಉತ್ತರ ಕೊಡಬೇಕು. ಯಾರು ಹೇಳಲಿಲ್ಲ ಎಂದೂ ನೋಡಬೇಕು. ಹೊಸ ಅಕ್ಷರ ನೋಡಿ ತಲೆನೋವು ಬಂತು ಅನ್ನುವವರನ್ನು ಮಾತ್ರ ನಾನು ನಗೆಯಾಡುವುದಿಲ್ಲ. 2021ರಲ್ಲಿ ಟ್ವಿಟರ್ ಫಾಂಟ್ ಮತ್ತು ಬಣ್ಣ ಬದಲಿಸಿದಾಗ ಎಷ್ಟೋ ಜನ ಕಣ್ಣು ಉರಿ, ತಲೆನೋವು ಎಂದು ದೂರಿದರು. ಕಂಪನಿ ಕಾಂಟ್ರಾಸ್ಟ್ ತಗ್ಗಿಸಬೇಕಾಯಿತು. ಅಲ್ಲಿ ನೋವು ನಿಜ.

ಚಿಕ್ಕಮ್ಮ ಕೊನೆಗೆ ಆ್ಯಪ್ ಸ್ಟೋರಿಗೇ ಹೋಗಿ ದೂರು ಬರೆದರು. ನಿವೃತ್ತ ಟೀಚರ್ ಬೇರೆ. ಪ್ಯಾರಾ ಮಾಡಿ, ಇಸವಿ ತಿಂಗಳು ಹಾಕಿ, ಕಸಿನ್‌ಗೆ ಬಂದ ಮೆಮೊ ವಿಷಯವನ್ನೂ ಸೇರಿಸಿ, ಇದನ್ನು ಮಾಡಿದವರಿಗೆ ಬುದ್ಧಿ ಇದೆಯೇ ಎಂದು ಮುಗಿಸಿದ್ದರು. ಓದಿ ಭಲೇ ಅನ್ನಿಸಿತು. ಮೇಲೆ ನೋಡಿದರೆ ಐದು ಸ್ಟಾರ್.

"ಇದೇನು ಚಿಕ್ಕಮ್ಮ, ಐದು ಕೊಟ್ಟಿದ್ದೀರಿ?"

"ಒಂದು ಕೊಟ್ರೆ ಯಾರು ಓದ್ತಾರೋ? ಐದು ಕೊಟ್ರೆ ಖುಷಿಯಿಂದ ತೆಗೆದು ನೋಡ್ತಾರೆ."

ಅದರ ಕೆಳಗೆ ಇನ್ನೂ ಹಲವರು ಹೀಗೇ ಐದೈದು ಸ್ಟಾರ್ ಕೊಟ್ಟು ಬೈದಿದ್ದರು. ಆ್ಯಪಿನ ಸರಾಸರಿ ಆ ತಿಂಗಳು ಚೆನ್ನಾಗಿಯೇ ಏರಿರಬೇಕು.